ಕಡಲಿನ ಲೆಕ್ಕದಲ್ಲಿ ಮನುಷ್ಯ

ಕಡಲನ್ನು ಕಾಣುವ ಕಣ್ಣುಗಳಲ್ಲಿ ಎರಡು ಬಗೆ ಉಂಟು. ದಡದಲ್ಲಿ ನಿಂತು ನೋಡುವವನಿಗೆ ಅದು ಕೊನೆಯಿಲ್ಲದ ನೀರು. ಅದರ ಅಲೆ, ಅದರ ಬಣ್ಣ, ಅದರ ಮೊರೆತ ಇವೇ ಅವನ ಮಾತಿಗೆ ವಸ್ತು. ದೋಣಿಯಲ್ಲಿ ಕುಳಿತು ದುಡಿಯುವವನಿಗೆ ಅದು ಹೊಲವಿದ್ದಂತೆ. ಯಾವ ತಿಂಗಳಲ್ಲಿ ಯಾವ ಮೀನು ಎತ್ತಲಿಂದ ಬರುತ್ತದೆ, ಯಾವ ಗಾಳಿಗೆ ನೀರು ಕಲಕುತ್ತದೆ, ಎಲ್ಲಿ ಕಲ್ಲಿದೆ, ಎಲ್ಲಿ ಕೆಸರಿದೆ ಎಂಬುದನ್ನು ಅವನು ತನ್ನ ಅಂಗೈಯ ಗೆರೆಗಳಂತೆ ಬಲ್ಲ. ಆದರೆ ಈ ಹೊಲಕ್ಕೆ ಬೇಲಿಯಿಲ್ಲ. ಉಳುವ, ಬಿತ್ತುವ ಕೆಲಸವೂ ಇಲ್ಲ. ಕೊಯ್ಲು ಮಾತ್ರ ಉಂಟು. ಬಿತ್ತದೆ ಕೊಯ್ಯುವ ಹೊಲ ಎಂದಾದರೊಂದು ದಿನ ಬರಿದಾದೀತೇ ಎಂಬ ಸಂಶಯ ಬಹುಕಾಲ ಹೆಚ್ಚಿನವರ ಮನಸ್ಸಿಗೆ ಬಂದಿರಲಿಲ್ಲ.

1883ರಲ್ಲಿ ಲಂಡನ್ ನಗರದಲ್ಲಿ ಒಂದು ದೊಡ್ಡ ಮೀನುಗಾರಿಕಾ ಪ್ರದರ್ಶನ ನಡೆಯಿತು. ಅಲ್ಲಿ ಭಾಷಣ ಮಾಡಿದ ಥಾಮಸ್ ಹೆನ್ರಿ ಹಕ್ಸ್‌ಲಿ ಸಾಮಾನ್ಯನಲ್ಲ. ಡಾರ್ವಿನ್ನನ ವಿಕಾಸವಾದವನ್ನು ವಿರೋಧಿಗಳ ಎದುರಿಗೆ ಎತ್ತಿಹಿಡಿದ ಜೀವವಿಜ್ಞಾನಿ. ಅಂದಿನ ಮೀನುಗಾರಿಕೆಯ ವಿಧಾನಗಳನ್ನು ನೋಡಿದರೆ ಕಾಡ್, ಹೆರಿಂಗ್, ಬಂಗುಡೆಯಂತಹ ಮೀನುಗಳ ಸಂಪತ್ತು ಬಹುಶಃ ಎಂದಿಗೂ ಮುಗಿಯದು ಎಂದು ಆತ ಸಾರಿದ. ಅಂದಿನ ವಿಧಾನಗಳು ಎಂಬ ಎಚ್ಚರದ ಮಾತು ಅದರಲ್ಲಿ ಸೇರಿತ್ತು. ಮುಂದೆ ಬಂದವರು ಆ ಎಚ್ಚರವನ್ನು ಮರೆತು, ಮುಗಿಯದು ಎಂಬ ಭರವಸೆಯನ್ನಷ್ಟೇ ನೆನಪಿನಲ್ಲಿಟ್ಟುಕೊಂಡರು. ದೊಡ್ಡವರ ಮಾತಿಗೆ ಹೀಗಾಗುವುದು ಹೊಸತೇನಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಹಡಗುಗಳು ಬೆಳೆದವು, ಬಲೆಗಳು ಹಿಗ್ಗಿದವು, ನೀರಿನಾಳದ ಮೀನಿನ ಗುಂಪನ್ನು ಶಬ್ದದ ಅಲೆಗಳಿಂದ ಪತ್ತೆಹಚ್ಚುವ ಯಂತ್ರಗಳು ಬಂದವು. ಇನ್ನು ಕೈಕಟ್ಟಿ ಕುಳಿತರೆ ಆಗದು ಎಂದು ಸರ್ಕಾರಗಳೂ ವಿಜ್ಞಾನಿಗಳೂ ಕಡಲಿನ ಲೆಕ್ಕ ಬರೆಯತೊಡಗಿದರು. ಕಡಲಿನಲ್ಲಿ ಒಂದು ಜೀವ ಇನ್ನೊಂದಕ್ಕೆ ಆಧಾರ. ಬಿಸಿಲನ್ನು ಉಂಡು ಬೆಳೆಯುವ, ಬರಿಗಣ್ಣಿಗೆ ಕಾಣದ ಸಸ್ಯಗಳು. ಅವನ್ನು ತಿಂದು ಬದುಕುವ ಕಿರುಜೀವಿಗಳು. ಅವನ್ನು ತಿನ್ನುವ ಸಣ್ಣ ಮೀನು. ಸಣ್ಣದನ್ನು ನುಂಗುವ ದೊಡ್ಡ ಮೀನು. ಇವೆಲ್ಲದರ ಮೇಲೆ ಕಣ್ಣಿಟ್ಟ ಹಕ್ಕಿಗಳು. ಈ ಕೂಡುಬಾಳನ್ನೇ ಸಾಗರದ ಪರಿಸರ ವ್ಯವಸ್ಥೆ ಎನ್ನುತ್ತಾರೆ. ವಿಜ್ಞಾನಿಗಳು ಇವುಗಳಿಗೆಲ್ಲ ತಮ್ಮ ಪಟ್ಟಿಯಲ್ಲಿ ಒಂದೊಂದು ಸ್ಥಾನ ಕೊಟ್ಟರು. ಆ ಪಟ್ಟಿಯಲ್ಲಿ ಮನುಷ್ಯನೂ ಇದ್ದ; ಆದರೆ ಹೆಸರಿಲ್ಲದೆ, ಮನೆಮಠವಿಲ್ಲದೆ, ಹಿಡಿದ ಮೀನಿನ ತೂಕ ಎಂಬ ಒಂದು ಅಂಕಿಯಾಗಿ ಮಾತ್ರ ಇದ್ದ. ಅವನು ಏನನ್ನು ಬಲ್ಲ, ಏಕೆ ಹಿಡಿಯುತ್ತಾನೆ, ಹಿಡಿಯಬೇಡವೆಂದರೆ ಅವನ ಒಲೆ ಹೇಗೆ ಉರಿಯುತ್ತದೆ ಎಂಬುದು ಲೆಕ್ಕದ ಹೊರಗೆ ಉಳಿಯಿತು. ಹೀಗೆ ಉಳಿದುದರ ಫಲ ಏನಾಯಿತೆಂಬುದಕ್ಕೆ ಕೆನಡಾ ದೇಶದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಕಥೆಯೇ ಸಾಕ್ಷಿ.

1497ರಲ್ಲಿ ಜಾನ್ ಕ್ಯಾಬಟ್ ಎಂಬ ನಾವಿಕ ಅತ್ತ ಕಡೆಯ ಕಡಲಿಗೆ ಹೋಗಿಬಂದಾಗ, ಅಲ್ಲಿ ಬುಟ್ಟಿಯನ್ನು ನೀರಿಗಿಳಿಸಿದರೂ ಮೀನು ಸಿಕ್ಕುತ್ತದೆ ಎಂಬ ಸುದ್ದಿ ಯೂರೋಪಿನಲ್ಲಿ ಹರಡಿತು. ಅದು ಕಾಡ್ ಎಂಬ ಮೀನು. ಮುಂದಿನ ನಾನ್ನೂರೈವತ್ತು ವರ್ಷ ಆ ಮೀನೇ ಆ ದ್ವೀಪದ ಅನ್ನ, ಹಣ, ಹಾಡು, ಹಬ್ಬ ಎಲ್ಲವೂ ಆಯಿತು. ದ್ವೀಪದ ಸುತ್ತ ನೂರಾರು ಪುಟ್ಟ ಹಳ್ಳಿಗಳು ಕಡಲಿಗೆ ಮುಖಮಾಡಿ ಎದ್ದವು. ಬೇಸಿಗೆಯಲ್ಲಿ ಕಾಡ್ ಮೀನು ತನ್ನ ಆಹಾರವಾದ ಸಣ್ಣ ಮೀನನ್ನು ಬೆನ್ನಟ್ಟಿಕೊಂಡು ದಡದ ಬಳಿಗೆ ಬರುತ್ತಿತ್ತು. ಹಳ್ಳಿಗರು ಸಣ್ಣ ದೋಣಿಗಳಲ್ಲಿ ಹೋಗಿ ಗಾಳದಿಂದಲೋ ನೀರಿನಲ್ಲಿ ಕಟ್ಟಿದ ಬಲೆಗಳಿಂದಲೋ ಅದನ್ನು ಹಿಡಿಯುತ್ತಿದ್ದರು. ಮೀನು ಬಂದರೆ ಉಂಟು, ಬಾರದಿದ್ದರೆ ಇಲ್ಲ. ಮೀನನ್ನು ಅರಸಿಕೊಂಡು ನಡುಗಡಲಿಗೆ ಹೋಗುವ ಶಕ್ತಿ ಆ ದೋಣಿಗಳಿಗೆ ಇರಲಿಲ್ಲ.

1950ರ ದಶಕದಿಂದ ಯೂರೋಪಿನ ದೇಶಗಳ ಭಾರಿ ಹಡಗುಗಳು ಅಲ್ಲಿಗೆ ಬರತೊಡಗಿದವು. ಹಿಡಿದ ಮೀನನ್ನು ಅಲ್ಲಿಯೇ ಸೀಳಿ, ಹಿಮಗಟ್ಟಿಸಿ ಇಡಬಲ್ಲ ತೇಲುವ ಕಾರ್ಖಾನೆಗಳವು. 1968ರ ಒಂದೇ ವರ್ಷದಲ್ಲಿ ಸುಮಾರು 8 ಲಕ್ಷ ಟನ್ನು ಕಾಡ್ ಮೀನನ್ನು ಆ ನೀರಿನಿಂದ ಎತ್ತಲಾಯಿತು. 1977ರಲ್ಲಿ ಕೆನಡಾ ತನ್ನ ದಡದಿಂದ 200 ಮೈಲಿವರೆಗಿನ ಕಡಲಿನ ಮೀನಿನ ಮೇಲೆ ಹಕ್ಕು ಸ್ಥಾಪಿಸಿತು. ಪರದೇಶದ ಹಡಗುಗಳು ಬಹುಮಟ್ಟಿಗೆ ಹಿಂದೆಗೆದವು. ಇನ್ನು ಮೀನು ಮರಳಿ ತುಂಬಿಕೊಳ್ಳುತ್ತದೆ ಎಂದು ಎಲ್ಲರೂ ನಂಬಿದರು. ಆ ನಂಬಿಕೆಯ ಮೇಲೆಯೇ ಕೆನಡಾ ತನ್ನದೇ ದೊಡ್ಡ ಹಡಗುಗಳನ್ನು ನಡುಗಡಲಿಗೆ ಕಳುಹಿಸಿತು. ಪ್ರತಿ ವರ್ಷವೂ ವಿಜ್ಞಾನಿಗಳು ಮೀನಿನ ಸಂಖ್ಯೆಯನ್ನು ಅಂದಾಜು ಮಾಡುವುದು, ಅದರಲ್ಲಿ ಇಷ್ಟು ಪಾಲನ್ನು ಹಿಡಿಯಬಹುದೆಂದು ಸರ್ಕಾರ ಗೊತ್ತುಪಡಿಸುವುದು, ಹೀಗೆ ವ್ಯವಸ್ಥೆ ಅಚ್ಚುಕಟ್ಟಾಗಿಯೇ ನಡೆಯಿತು.

1980ರ ದಶಕದ ನಡುವಿಗೆ ದಡದ ಹಳ್ಳಿಗರಿಂದ ಬೇರೊಂದು ಮಾತು ಕೇಳಿಬಂತು. ಮೀನು ದಡಕ್ಕೆ ಬರುವುದು ಕಡಿಮೆಯಾಗಿದೆ, ಬಂದ ಮೀನೂ ಮೊದಲಿನ ಗಾತ್ರದ್ದಲ್ಲ, ನಡುಗಡಲಿನ ಹಡಗುಗಳನ್ನು ತಡೆಯಿರಿ ಎಂದು ಅವರು ಮೊರೆಯಿಟ್ಟರು. ಆದರೆ ಅಧಿಕಾರಿಗಳ ಕಡತದಲ್ಲಿ ಈ ಮೊರೆಗೆ ಬೆಲೆ ಬರಲಿಲ್ಲ. ದೊಡ್ಡ ಹಡಗುಗಳು ಬಲೆ ಬೀಸಿದಾಗಲೆಲ್ಲ ಮೊದಲಿನಂತೆಯೇ ಮೀನು ಸಿಕ್ಕುತ್ತಿತ್ತು. ಅಂಕಿಗಳು ಚೆನ್ನಾಗಿಯೇ ಇದ್ದವು. ಹಳ್ಳಿಯವನ ಮಾತು ಅವನ ಸ್ವಂತ ಕಷ್ಟದ ಗೋಳು, ಹಡಗಿನ ಅಂಕಿ ಶುದ್ಧ ವಿಜ್ಞಾನ ಎಂಬ ಭಾವನೆ ಮೂಡಿತ್ತು.

ನಿಜವಾಗಿ ನಡೆದುದೇನು? ಮೀನಿನ ಸಂಖ್ಯೆ ತಗ್ಗಿದಂತೆಲ್ಲ ಉಳಿದ ಮೀನು ಕಡಲಿನ ಕೆಲವೇ ಎಡೆಗಳಲ್ಲಿ ಒತ್ತಾಗಿ ಸೇರಿಕೊಂಡಿತ್ತು. ಯಂತ್ರದ ಕಣ್ಣುಳ್ಳ ಹಡಗು ನೇರವಾಗಿ ಆ ಗುಂಪಿನ ಬಳಿಗೇ ಹೋಗುತ್ತಿತ್ತು. ಆದುದರಿಂದ ಕೊನೆಯ ಗುಂಪು ಉಳಿದಿರುವವರೆಗೂ ಅದರ ಬಲೆ ತುಂಬುತ್ತಲೇ ಇತ್ತು. ದಡದವನಾದರೋ ತಾನಿದ್ದಲ್ಲಿಯೇ ಕಾಯುವವನು. ಕಣಜದ ಅಂಚು ಬರಿದಾದುದು ಮೊದಲು ತಿಳಿದದ್ದು ಅವನಿಗೇ. ಅವನ ಬರಿದಾದ ಬಲೆಯೇ ಒಂದು ಅಳತೆಗೋಲು ಎಂಬುದು ಯಾರಿಗೂ ಹೊಳೆಯಲಿಲ್ಲ. ತಮ್ಮ ಹಿಂದಿನ ಅಂದಾಜುಗಳು ವಾಸ್ತವಕ್ಕಿಂತ ಬಹಳ ಹೆಚ್ಚಿನವೆಂದು ವಿಜ್ಞಾನಿಗಳು ಕಂಡುಕೊಂಡದ್ದು ಆ ದಶಕದ ಕೊನೆಗೆ. ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು. 1992ರ ಜುಲೈ 2ರಂದು ಸರ್ಕಾರ ಕಾಡ್ ಮೀನುಗಾರಿಕೆಯನ್ನು ನಿಲ್ಲಿಸಿತು. ಸುಮಾರು 30 ಸಾವಿರ ಜನ ಒಂದೇ ದಿನ ಕೆಲಸ ಕಳೆದುಕೊಂಡರು. ಮೊದಲು ಹೇಳಿದ್ದು ಎರಡು ವರ್ಷದ ನಿಷೇಧವೆಂದು. ಅದು ಪೂರ್ತಿಯಾಗಿ ತೆರವಾದದ್ದು 2024ರಲ್ಲಿ, ಅದೂ 18 ಸಾವಿರ ಟನ್ನಿನ ಮಿತಿಯೊಡನೆ. ನಿಷೇಧದ ಮೊದಲ ಹತ್ತು ವರ್ಷಗಳಲ್ಲಿ ಆ ಪ್ರಾಂತ್ಯದ ಜನಸಂಖ್ಯೆಯೇ ಸುಮಾರು ಹತ್ತನೆಯ ಒಂದು ಪಾಲು ಇಳಿಯಿತು. ಪರಿಹಾರದ ಹಣ ದೊರೆಯಿತು, ಬೇರೆ ಕಸುಬು ಕಲಿಸುವ ಏರ್ಪಾಡೂ ಆಯಿತು. ಆದರೆ ಐವತ್ತು ವರ್ಷದ ಮೀನುಗಾರನಿಗೆ ಹೊಸ ಕಸುಬನ್ನು ಕಲಿಸುವುದು ಕಾಗದದ ಮೇಲೆ ಕಾಣುವಷ್ಟು ಸುಲಭವಲ್ಲ. ಎಳೆಯರು ದೂರದ ಊರುಗಳಿಗೆ ಹೊರಟುಹೋದರು; ಮುದುಕರು ಕಡಲನ್ನು ನೋಡುತ್ತ ಉಳಿದರು.

ದೂರದ ಈ ಕಥೆಯನ್ನು ಕೇಳಿ ನಮಗೇನು ಎನ್ನುವಂತಿಲ್ಲ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಕರ್ನಾಟಕದ ಕರಾವಳಿಯಲ್ಲಿಯೂ ಇಂತಹುದೇ ಪ್ರಶ್ನೆ ಬೇರೊಂದು ರೂಪದಲ್ಲಿ ಎದ್ದಿತ್ತು. ಮಂಗಳೂರಿನಿಂದ ಕಾರವಾರದವರೆಗಿನ ನಮ್ಮ ಕಡಲತೀರ 300 ಕಿಲೋಮೀಟರಿಗೂ ಮಿಕ್ಕದ್ದು. ಈ ತೀರದ ಬದುಕಿನಲ್ಲಿ ರಂಪಣಿಗೆ ಹಿಂದೆ ಇದ್ದ ಸ್ಥಾನವನ್ನು ಇಂದಿನ ಮಕ್ಕಳು ಊಹಿಸುವುದೂ ಕಷ್ಟ. ರಂಪಣಿ ಎಂದರೆ ದಡದಿಂದ ಎಳೆಯುವ ಭಾರಿ ಬಲೆ. ಅದು ಒಬ್ಬನ ಸೊತ್ತಲ್ಲ. ಹಲವು ಮನೆಗಳ ಬಲೆಯ ತುಂಡುಗಳನ್ನು ಜೋಡಿಸಿ ಆದದ್ದು. ಮಳೆಗಾಲ ಕಳೆದು ಬಂಗುಡೆ, ಬೂತಾಯಿಗಳ ಹಿಂಡು ದಡದತ್ತ ಸುಳಿದಾಗ, ನೀರಿನ ಬಣ್ಣ ನೋಡಿ, ಹಕ್ಕಿಗಳ ಎರಗಾಟ ನೋಡಿ, ಅನುಭವಸ್ಥನಾದ ತಾಂಡೇಲ ಸಂಜ್ಞೆ ಕೊಡುತ್ತಿದ್ದ. ದೊಡ್ಡ ದೋಣಿಯೊಂದು ಬಲೆಯನ್ನು ಬಿಡುತ್ತ ಹಿಂಡನ್ನು ಬಳಸಿ ಬರುತ್ತಿತ್ತು. ಬಲೆಯ ಎರಡು ತುದಿಯ ಹಗ್ಗಗಳನ್ನು ಎರಡು ಸಾಲಿನ ಜನ ದಡದಲ್ಲಿ ನಿಂತು ಎಳೆಯುತ್ತಿದ್ದರು. ಐವತ್ತು, ಅರವತ್ತು, ಕೆಲವೊಮ್ಮೆ ನೂರು ಜನ ಬೇಕಾಗುತ್ತಿತ್ತು. ಮೀನು ವಿಪರೀತ ಬಿದ್ದ ದಿನ ಎಲ್ಲವನ್ನೂ ಒಮ್ಮೆಗೇ ದಡಕ್ಕೆ ಸುರಿಯುತ್ತಿರಲಿಲ್ಲ. ಬಲೆಯ ಆವರಣದಲ್ಲಿಯೇ ಜೀವಂತ ಇರಿಸಿ, ಮಾರಾಟವಾಗುವಷ್ಟನ್ನು ಮಾತ್ರ ದಿನದಿನವೂ ತೆಗೆಯುವುದುಂಟು. ಯಂತ್ರವಿಲ್ಲ, ಹಿಮವಿಲ್ಲ, ಆದರೂ ಎಷ್ಟು ವಿವೇಕದ ಏರ್ಪಾಡು!

ಬಲೆಗೆ ಇಷ್ಟು, ದೋಣಿಗೆ ಇಷ್ಟು, ದುಡಿದ ತೋಳಿಗೆ ಇಷ್ಟು ಎಂದು ಪಾಲು ನಡೆಯುತ್ತಿತ್ತು. ಮನೆಯ ಹೆಂಗಸರು ದಡದಲ್ಲಿಯೇ ಮೀನು ಪಡೆದು, ಬುಟ್ಟಿಯನ್ನು ತಲೆಯ ಮೇಲೆ ಹೊತ್ತು, ಒಳನಾಡಿನ ಹಳ್ಳಿಗಳ ಮನೆಮನೆಗೆ ಹೋಗಿ ಮಾರಿಬರುತ್ತಿದ್ದರು. ಮಿಕ್ಕದ್ದನ್ನು ಉಪ್ಪು ಹಾಕಿ ಒಣಗಿಸುತ್ತಿದ್ದರು. ಮೊಗವೀರರ ಊರುಗಳಲ್ಲಿ ಗುರಿಕಾರನೂ ಊರಿನ ಹಿರಿಯರೂ ಕೂಡಿ ಜಗಳಗಳನ್ನು ತೀರಿಸುತ್ತಿದ್ದರು. ಹೀಗೆ ರಂಪಣಿಯೆಂದರೆ ಬರಿಯ ಬಲೆಯಾಗಿರಲಿಲ್ಲ. ಒಂದು ಊರು ತನ್ನ ಅನ್ನವನ್ನು ಹಂಚಿಕೊಳ್ಳುವ ಕ್ರಮವಾಗಿತ್ತು. ಅಲ್ಲಿ ಎಲ್ಲರೂ ಸಮಾನರಾಗಿದ್ದರು ಎಂದಲ್ಲ. ಪಾಲಿನಲ್ಲಿ ಹೆಚ್ಚುಕಡಿಮೆ ಇತ್ತು, ಸಾಲದ ಹೊರೆಯೂ ಇತ್ತು. ಹಳೆಯದೆಲ್ಲ ಹೊನ್ನೆಂದು ಹೊಗಳುವುದು ಬೇಡ. ಆದರೆ ಮೀನು ಬಂದಾಗ ಹಗ್ಗಕ್ಕೆ ಕೈಹಾಕಿದವನು ಬರಿಗೈಯಲ್ಲಿ ಮನೆಗೆ ಹೋಗುವಂತಿರಲಿಲ್ಲ.

1970ರ ದಶಕದ ನಡುವೆ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದವು. ಈ ಬಲೆ ಮೀನಿನ ಹಿಂಡನ್ನು ಕಡಲಿನಲ್ಲಿಯೇ ಸುತ್ತುವರಿದು, ಅಡಿಯ ಹಗ್ಗವನ್ನು ಬಿಗಿದು, ಹಣದ ಚೀಲದ ಬಾಯಿ ಮುಚ್ಚುವಂತೆ ಮುಚ್ಚಿಬಿಡುತ್ತದೆ. ದಡಕ್ಕೆ ಬರಬೇಕಾದ ಹಿಂಡು ದಾರಿಯಲ್ಲಿಯೇ ಸೆರೆಯಾಯಿತು. ಇತ್ತ ರಂಪಣಿಯವರು ದಿನವಿಡೀ ಕಾದು ಬರಿಗೈಯಲ್ಲಿ ಮರಳತೊಡಗಿದರು. ತಿಕ್ಕಾಟಗಳಾದವು, ನೆರೆಯ ಗೋವೆಯಲ್ಲಿಯೂ ರಾಂಪಣಕಾರರು ಯಾಂತ್ರಿಕ ದೋಣಿಗಳ ವಿರುದ್ಧ ದೊಡ್ಡ ಚಳವಳಿ ಹೂಡಿದರು. 1980ರ ದಶಕದ ಆರಂಭದ ಹೊತ್ತಿಗೆ ನಮ್ಮ ತೀರದ ರಂಪಣಿಗಳು ಬಹುಮಟ್ಟಿಗೆ ಮೂಲೆ ಸೇರಿದ್ದವು. ರಂಪಣಿಯ ಎಷ್ಟೋ ಮಂದಿ ಹೊಸ ದೋಣಿಗಳಲ್ಲಿ ಕೂಲಿಯವರಾದರು. ಕೆಲವರು ಸಾಲ ಮಾಡಿ ತಾವೇ ಅಂತಹ ದೋಣಿಗಳನ್ನು ಕೊಂಡರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಂದರಿನ ಲೆಕ್ಕದಲ್ಲಿ ಮೀನಿನ ತೂಕ ಆಗ ಇಳಿದಿರಲಿಲ್ಲ, ಏರಿತ್ತು. ಅಂಕಿಗಳನ್ನಷ್ಟೇ ನೋಡಿದವನು ಇದನ್ನು ಪ್ರಗತಿ ಎಂದೇ ಕರೆದಾನು. ಆದರೆ ಮೀನು ಇಳಿಯುವ ಜಾಗ ಊರೂರಿನ ಮರಳದಂಡೆಯಿಂದ ಮಲ್ಪೆ, ಮಂಗಳೂರಿನಂತಹ ಬಂದರುಗಳಿಗೆ ಸ್ಥಳಾಂತರವಾಯಿತು. ಅಲ್ಲಿ ಏಲಂ ಕೂಗುವವರು ಬೇರೆ, ಲಾರಿಗಳಲ್ಲಿ ಒಯ್ಯುವ ದೊಡ್ಡ ವ್ಯಾಪಾರಿಗಳು ಬೇರೆ. ಮನೆಯ ಮುಂದೆಯೇ ಮೀನು ಪಡೆಯುತ್ತಿದ್ದ ಹೆಂಗಸು ನಸುಕಿನಲ್ಲಿ ಎದ್ದು ಬಸ್ಸು ಹಿಡಿದು ಬಂದರಿಗೆ ಹೋಗಿ, ಹಣವುಳ್ಳವರೊಡನೆ ಏಲಂನಲ್ಲಿ ಸ್ಪರ್ಧಿಸಬೇಕಾಯಿತು. ಮೀನಿನ ತೂಕ ಬರೆಯುವ ಪುಸ್ತಕದಲ್ಲಿ ಅವಳ ಬಸ್ಸಿನ ಖರ್ಚಿಗೆ, ಅವಳು ಕಳೆದುಕೊಂಡ ಗಿರಾಕಿಗಳಿಗೆ ಕಲಮು ಇರಲಿಲ್ಲ. ಕಡಲಿನ ನಿರ್ವಹಣೆಯಲ್ಲಿ ಸಮಾಜವನ್ನೂ ಸೇರಿಸಿಕೊಳ್ಳಬೇಕು ಎಂದು ಇಂದಿನ ತಜ್ಞರು ಹೇಳುವಾಗ ಅವರ ಮನಸ್ಸಿನಲ್ಲಿರುವುದು ಇಂತಹ ಕಲಮುಗಳೇ. ಎಷ್ಟು ಹಿಡಿದರು ಎಂಬುದರ ಜೊತೆಗೆ ಯಾರು ಹಿಡಿದರು, ಯಾರ ಕೈ ಬರಿದಾಯಿತು ಎಂಬುದೂ ಬರೆಯಲ್ಪಡಬೇಕು. 1986ರಲ್ಲಿ ಕರ್ನಾಟಕವೂ ಕಡಲ ಮೀನುಗಾರಿಕೆಯನ್ನು ಕ್ರಮಪಡಿಸುವ ಕಾಯಿದೆಯನ್ನು ಮಾಡಿತು. ರಂಪಣಿಯ ಪಾಲಿಗೆ ಅದು ತಡವಾಗಿ ಬಂದ ಮದ್ದು.

ಜನರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದಕ್ಕೆ ಒಂದು ಬಲವಾದ ಆಕ್ಷೇಪವೂ ಉಂಟು. ಎಲ್ಲರಿಗೂ ಸೇರಿದ ಹುಲ್ಲುಗಾವಲಿನಲ್ಲಿ ಪ್ರತಿಯೊಬ್ಬನೂ ತನ್ನದೊಂದು ಹಸುವನ್ನು ಹೆಚ್ಚಾಗಿ ಮೇಯಿಸಲು ನೋಡುತ್ತಾನೆ, ಕೊನೆಗೆ ಹುಲ್ಲುಗಾವಲೇ ಹಾಳಾಗುತ್ತದೆ ಎಂದು ಅಮೆರಿಕದ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ. ಈ ವಾದದಂತೆ ಜನರ ಕೈಗೆ ಕಡಲನ್ನು ಬಿಟ್ಟರೆ ಉಳಿಗಾಲವಿಲ್ಲ. ಒಂದೋ ಸರ್ಕಾರದ ದಂಡ ಬೇಕು, ಇಲ್ಲವೇ ಖಾಸಗಿ ಒಡೆತನ ಬೇಕು. ಎಲಿನಾರ್ ಆಸ್ಟ್ರಮ್ ಎಂಬ ವಿದುಷಿ ಇದನ್ನು ಹಾಗೆಯೇ ಒಪ್ಪಲಿಲ್ಲ. ಊರಿನ ಸೊತ್ತನ್ನು ಊರವರೇ ಕಾಪಾಡಿಕೊಂಡ ಉದಾಹರಣೆಗಳನ್ನು ಲೋಕದ ಹಲವೆಡೆಗಳಿಂದ ಆಕೆ ಕಲೆಹಾಕಿದರು. ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರೇ. ಆ ಗೌರವ ಬಂದದ್ದು 2009ರಲ್ಲಿ.

ಅವರು ಹೇಳಿದ ಉದಾಹರಣೆಗಳಲ್ಲಿ ತುರ್ಕಿ ದೇಶದ ಅಲಾನ್ಯದ ಮೀನುಗಾರರದು ಬಲು ಸೊಗಸಾದುದು. ಒಳ್ಳೆಯ ಜಾಗಕ್ಕಾಗಿ ಹೊಡೆದಾಡುತ್ತಿದ್ದ ಆ ನೂರರಷ್ಟು ಮೀನುಗಾರರು ಮಾಡಿಕೊಂಡ ನಿಯಮ ಹೀಗಿದೆ. ಕಡಲಿನ ಬಲೆ ಹಾಕುವ ಜಾಗಗಳಿಗೆಲ್ಲ ಹೆಸರಿಟ್ಟು ಪಟ್ಟಿ ಮಾಡುವುದು. ಒಬ್ಬರ ಬಲೆ ಇನ್ನೊಬ್ಬರ ಮೀನನ್ನು ತಡೆಯದಷ್ಟು ಅಂತರ ಬಿಡುವುದು. ಸೆಪ್ಟೆಂಬರಿನಲ್ಲಿ ಚೀಟಿ ಎತ್ತಿ ಯಾರಿಗೆ ಯಾವ ಜಾಗ ಎಂದು ಗೊತ್ತುಮಾಡುವುದು. ಆ ಮೇಲೆ ಜನವರಿಯವರೆಗೆ ಪ್ರತಿದಿನವೂ ಪ್ರತಿಯೊಬ್ಬನೂ ಒಂದು ಜಾಗ ಪೂರ್ವಕ್ಕೆ ಸರಿಯುವುದು; ಜನವರಿಯಿಂದ ಮೇ ತಿಂಗಳವರೆಗೆ ಪಶ್ಚಿಮಕ್ಕೆ ಸರಿಯುವುದು. ಮೀನಿನ ಓಡಾಟದ ದಿಕ್ಕನ್ನು ಬಲ್ಲವರಿಗೆ ಮಾತ್ರ ಹೊಳೆಯಬಹುದಾದ ನಿಯಮವಿದು. ಕಾವಲುಗಾರನೂ ಬೇಕಿಲ್ಲ. ಇಂದು ಒಳ್ಳೆಯ ಜಾಗ ಯಾರ ಪಾಲಿಗೆ ಬಂದಿದೆಯೋ ಅವನು ಬೆಳಗಾಗುವುದರೊಳಗೆ ಅಲ್ಲಿರುತ್ತಾನೆ. ಬೇರೆಯವನು ಕದ್ದು ಬಂದರೆ ಅವನೇ ಹಿಡಿಯುತ್ತಾನೆ. ಹಾರ್ಡಿನ್ ಕಲ್ಪಿಸಿದ ಹುಲ್ಲುಗಾವಲಿನಲ್ಲಿ ಜನ ಪರಸ್ಪರ ಮಾತನಾಡುವುದೇ ಇಲ್ಲ. ಊರುಗಳಲ್ಲಿ ಜನ ಮಾತನಾಡುತ್ತಾರೆ.

ನಮ್ಮ ದೇಶದ ಮನ್ನಾರ್ ಖಾರಿಯಲ್ಲಿಯೂ ಇದಕ್ಕೆ ಒಪ್ಪುವ ನಿದರ್ಶನವಿದೆ. ತಮಿಳುನಾಡಿನ ರಾಮನಾಥಪುರ, ತೂತ್ತುಕುಡಿಗಳ ಎದುರಿಗೆ ಸಾಲಾಗಿ ನಿಂತ 21 ದ್ವೀಪಗಳನ್ನೂ ಅವುಗಳ ಹವಳದ ದಿಬ್ಬಗಳನ್ನೂ ರಕ್ಷಿಸಲೆಂದು 1986ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನವನ್ನು ಘೋಷಿಸಲಾಯಿತು. ಉದ್ದೇಶ ಉತ್ತಮವಾದುದೇ. ಆದರೆ ಆ ದ್ವೀಪಗಳ ಸುತ್ತ ಮುಳುಗಿ ಕಡಲಪಾಚಿಯನ್ನು ಕಿತ್ತು ತಂದು, ಒಣಗಿಸಿ ಮಾರಿ ಬದುಕುವ ಬಡ ಹೆಂಗಸರು ದಡದ ಹಳ್ಳಿಗಳಲ್ಲಿ ಅನೇಕರಿದ್ದರು. ಕೈಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು, ಉಸಿರು ಬಿಗಿಹಿಡಿದು ನೀರಿಗಿಳಿಯುವ ಕಷ್ಟದ ಕಸುಬು ಅದು. ನಕ್ಷೆಯ ಮೇಲೆ ಗೆರೆ ಎಳೆದ ಬಳಿಕ ಅವರು ತಮ್ಮ ನೀರಿನಲ್ಲಿಯೇ ಅಪರಾಧಿಗಳಾದರು. ಅವರು ಸಂಘ ಕಟ್ಟಿಕೊಂಡರು. ಅಧಿಕಾರಿಗಳ ಮುಂದೆ ಬೇಡುವುದರ ಜೊತೆಗೆ ತಮಗೆ ತಾವೇ ಕಟ್ಟಳೆಗಳನ್ನು ಹಾಕಿಕೊಂಡರು: ಲೋಹದ ಹೆರೆಯುವ ಸಾಧನ ಬಳಸಕೂಡದು, ಹವಳಕ್ಕೆ ನೋವಾಗಕೂಡದು, ತಿಂಗಳಿಗೆ 12 ದಿನ ಮಾತ್ರ ಕೀಳಬೇಕು, ಉಳಿದ ದಿನಗಳಲ್ಲಿ ಪಾಚಿ ಬೆಳೆಯಲು ಬಿಡಬೇಕು. ಅವರ ಮುಂದಾಳುಗಳಲ್ಲಿ ಒಬ್ಬರಾದ ಲಕ್ಷ್ಮಿ ಮೂರ್ತಿ ಅವರಿಗೆ 2015ರಲ್ಲಿ ಸೀಕಾಲಜಿ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ಪ್ರಶಸ್ತಿ ಸಂದಿತು. ಕಟ್ಟಳೆಯಿಂದ ನಷ್ಟ ಅನುಭವಿಸುವವರೇ ಅದನ್ನು ರೂಪಿಸಿದಾಗ ಅದಕ್ಕೆ ಬರುವ ಬಲ ಬೇರೆ.

ಕಟ್ಟಳೆಯ ಭಾರ ಯಾರ ಮೇಲೆ ಬೀಳುತ್ತದೆ ಎಂಬ ಈ ಪ್ರಶ್ನೆಯನ್ನು ನಮ್ಮ ಪಶ್ಚಿಮ ಕರಾವಳಿಯ ಮಳೆಗಾಲದ ನಿಷೇಧಕ್ಕೂ ಕೇಳಬೇಕು. ನೈಋತ್ಯ ಮಾರುತ ಬೀಸುವಾಗ ಕಡಲಿನ ಆಳದ ತಂಪು ನೀರು ಸತ್ವವನ್ನು ಹೊತ್ತು ಮೇಲಕ್ಕೆ ಬರುತ್ತದೆ. ಅನೇಕ ಮೀನುಗಳು ಮೊಟ್ಟೆಯಿಡುವುದೂ ಮರಿಗಳು ಬೆಳೆಯುವುದೂ ಆಗಲೇ. ಆ ಕಾಲದಲ್ಲಿ ತಳವನ್ನು ಗೋರುವ ಬಲೆಗಳನ್ನು ತಡೆಯಿರಿ ಎಂದು ಕೇರಳದಲ್ಲಿ ಬೀದಿಗಿಳಿದವರು ಅಧಿಕಾರಿಗಳಲ್ಲ, ಸಾಂಪ್ರದಾಯಿಕ ಮೀನುಗಾರರೇ. ದೀರ್ಘ ಹೋರಾಟದ ಬಳಿಕ 1988ರಲ್ಲಿ ಅಲ್ಲಿ ನಿಷೇಧ ಜಾರಿಗೆ ಬಂತು. ಈಗ ಕರ್ನಾಟಕವೂ ಸೇರಿ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ನಾಡದೋಣಿಯವರಿಗೆ ವಿನಾಯಿತಿಯುಂಟು. ಮೀನುಗಾರರ ಉಳಿತಾಯಕ್ಕೆ ಸರ್ಕಾರ ತನ್ನ ಪಾಲನ್ನು ಸೇರಿಸಿ ಈ ತಿಂಗಳುಗಳಲ್ಲಿ ಹಿಂದಿರುಗಿಸುವ ಯೋಜನೆಯೂ ಇದೆ. ಇವೆರಡರಲ್ಲಿಯೂ ಮನುಷ್ಯನ ನೆನಪು ಇದೆ ಎಂಬುದು ಸಮಾಧಾನದ ಸಂಗತಿ. ಆದರೂ ಮಂಜುಗಡ್ಡೆಯ ಕಾರ್ಖಾನೆಯಲ್ಲಿ ದುಡಿಯುವವನು, ಬಂದರಿನಲ್ಲಿ ಬುಟ್ಟಿ ಹೊರುವವಳು, ಆಂಧ್ರ, ಒಡಿಶಾಗಳಿಂದ ಬಂದು ದೋಣಿಯಲ್ಲಿ ಕೂಲಿ ಮಾಡುವ ಹುಡುಗ ಇವರು ಆ 61 ದಿನ ಏನನ್ನು ಉಣ್ಣುತ್ತಾರೆ ಎಂಬುದನ್ನು ಪ್ರತಿ ಮಳೆಗಾಲವೂ ಹೊಸದಾಗಿ ಕೇಳಬೇಕಾಗಿದೆ.

ಕಾಯಿದೆ ಬರುವುದಕ್ಕೆ ಬಹಳ ಮೊದಲೇ ಕರಾವಳಿಯಲ್ಲಿ ಕಡಲಿಗೆ ಒಂದು ಬಿಡುವು ಇತ್ತು. ಮಳೆಗಾಲದಲ್ಲಿ ದೋಣಿಗಳನ್ನು ದಡದ ಮೇಲೆ ಎಳೆದಿಟ್ಟು, ಮಡಲಿನ ಮರೆ ಕಟ್ಟಿ, ಗಂಡಸರು ಬಲೆ ನೇಯುತ್ತ ಕುಳಿತಿರುತ್ತಿದ್ದರು. ಶ್ರಾವಣದ ನೂಲಹುಣ್ಣಿಮೆಯ ಹೊತ್ತಿಗೆ ಊರವರು ಕೂಡಿ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ ಸಲ್ಲಿಸಿದ ಮೇಲೆಯೇ ದೋಣಿಗಳು ನೀರಿಗೆ ಇಳಿಯುತ್ತಿದ್ದುವು. ಆ ಪೂಜೆ ಇಂದಿಗೂ ನಡೆಯುತ್ತಿದೆ.